ಅವರು ಬರಲ್ಲ ಅಂದರೂ ನೀವು ಹೋಗಿ

“ದಿನಾ ಕುಡೀತಾರೆ ಡಾಕ್ಟ್ರೇ, ಆದ್ರೆ ಜಾಸ್ತಿ ಏನಿಲ್ಲ. ರಾತ್ರಿ ಒಂದು ಕ್ವಾರ್ಟರ್, ಅಷ್ಟೇ.” ತನ್ನ ತಲೆನೋವಿಗೋ ಬಿ.ಪಿ.ಗೋ ಮಾತ್ರೆ ಬರೆಸಿಕೊಳ್ಳಲು ಬಂದ ಹೆಣ್ಣುಮಗಳು, ಮನೆಯ ವಿಷಯ ಕೇಳಿದಾಗ ಹೀಗೆ ಹೇಳಿ ಮಾತು ಮುಗಿಸುತ್ತಾಳೆ. ಗಂಡನ ಮಾನ ಕಾಪಾಡುವ ಕಾಳಜಿ ಅದರಲ್ಲಿದೆ. ಬೀದಿಯಲ್ಲಿ ಬಿದ್ದು ಹೊರಳುವವರ ಹಾಗಲ್ಲವಲ್ಲ ನಮ್ಮನೆಯವರು ಎಂಬ ಸಮಾಧಾನವೂ ಇದೆ.

ಆ ಕ್ವಾರ್ಟರನ್ನು ಒಮ್ಮೆ ಲೆಕ್ಕ ಹಾಕೋಣ. ಕ್ವಾರ್ಟರ್ ಎಂದರೆ 180 ಮಿ.ಲೀ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 42.8ರಷ್ಟು ಇರುತ್ತದೆ. ಅಂದರೆ ಆ ಪುಟ್ಟ ಬಾಟಲಿಯೊಳಗೆ ಸುಮಾರು 60 ಗ್ರಾಂ ಅಪ್ಪಟ ಆಲ್ಕೋಹಾಲ್. ಒಂದು ಸಲಕ್ಕೆ ಅತಿಯಾಗಿ ಕುಡಿದಂತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆದಿರುವುದು ಈ 60 ಗ್ರಾಂ ಹತ್ತಿರವೇ. ತಿಂಗಳಿಗೊಮ್ಮೆ ಆ ಗೆರೆ ಮುಟ್ಟಿದವರನ್ನೂ ಅದು ಅತಿ ಕುಡಿತದ ಲೆಕ್ಕಕ್ಕೆ ಸೇರಿಸುತ್ತದೆ. ನಾವು ಮಾತಾಡುತ್ತಿರುವುದು ದಿನಾ ರಾತ್ರಿಯ ಬಗ್ಗೆ. ‘ಬೀರು ತಾನೇ’ ಎನ್ನುವವರ 650 ಮಿ.ಲೀ. ಸ್ಟ್ರಾಂಗ್ ಬೀರಿನಲ್ಲಿ 35ರಿಂದ 40 ಗ್ರಾಂ ಇರುತ್ತದೆ. ‘ನೈಂಟಿ’ಯ ಪೊಟ್ಟಣವೊಂದರಲ್ಲಿ 30 ಗ್ರಾಂ.

ಇದನ್ನೆಲ್ಲ ಕರಗಿಸುವ ಕೆಲಸ ಲಿವರ್‌ನದು. ಅದರ ವೇಗ ಗಂಟೆಗೆ ಏಳರಿಂದ ಹತ್ತು ಗ್ರಾಂ ಮಾತ್ರ. ಮಜ್ಜಿಗೆ, ನಿಂಬೆಹಣ್ಣಿನ ರಸ, ಸ್ಟ್ರಾಂಗ್ ಕಾಫಿ, ತಲೆ ಮೇಲೆ ತಣ್ಣೀರು ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಹತ್ತಕ್ಕೆ ಕ್ವಾರ್ಟರ್ ಮುಗಿಸಿದವರ ರಕ್ತ ಶುಚಿಯಾಗುವ ಹೊತ್ತಿಗೆ ಬೆಳಗಿನ ಐದು, ಆರು ಗಂಟೆ ಆಗಿರುತ್ತದೆ. ಇನ್ನೂ ಹೆಚ್ಚು ಕುಡಿದವರು ಎಂಟಕ್ಕೆ ಮಗುವನ್ನು ಬೈಕಿನ ಮುಂದೆ ಕೂರಿಸಿಕೊಂಡು ಶಾಲೆಗೆ ಹೊರಟಾಗಲೂ ರಕ್ತದಲ್ಲಿ ಮದ್ಯ ಉಳಿದೇ ಇರುತ್ತದೆ.

ಇಲ್ಲಿ ‘ಹೆಂಡತಿ’ ಎಂದೇ ಬರೆಯುತ್ತಿದ್ದೇನೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮುಂದಾಳತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಗಂಡಸರಲ್ಲಿ ಶೇ 27.3, ಹೆಂಗಸರಲ್ಲಿ ಶೇ 1.6 ಮಂದಿ ಕುಡಿಯುತ್ತಾರೆ. ಕುಡಿತದಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು ಸುಮಾರು 5.7 ಕೋಟಿ. ಕುಡಿಯುವ ಹೆಂಡತಿ ಇರುವ ಗಂಡಸರೂ ಇದ್ದಾರೆ, ಮುಂದಿನ ಮಾತುಗಳು ಅವರಿಗೂ ಸಲ್ಲುತ್ತವೆ. ಅವರು ಇನ್ನೊಂದು ವಿಷಯ ತಿಳಿದಿರಬೇಕು: ಅಷ್ಟೇ ಮದ್ಯ ಹೆಣ್ಣಿನ ಲಿವರನ್ನು ಗಂಡಿಗಿಂತ ಬೇಗ ಕೆಡಿಸುತ್ತದೆ.

ಲಿವರ್ ತನ್ನ ನೋವನ್ನು ಹೇಳಿಕೊಳ್ಳುವುದು ಬಹಳ ತಡವಾಗಿ. ವರ್ಷಗಟ್ಟಲೆ ದಿನಾ ಅತಿಯಾಗಿ ಕುಡಿಯುವ ಹೆಚ್ಚು ಕಡಿಮೆ ಎಲ್ಲರ ಲಿವರಿನಲ್ಲೂ ಕೊಬ್ಬು ಕೂಡುತ್ತದೆ. ಆಗ ನೋವಿಲ್ಲ, ಜ್ವರವಿಲ್ಲ. ಸ್ಕ್ಯಾನ್ ಮಾಡಿಸಿದರೆ ‘ಫ್ಯಾಟಿ ಲಿವರ್’ ಎಂದು ಬರೆದುಕೊಡುತ್ತಾರೆ, ಮನೆಯವರು ಅದನ್ನು ಎಣ್ಣೆತಿಂಡಿಯ ತಲೆಗೆ ಕಟ್ಟುತ್ತಾರೆ. ಈ ಹಂತದಲ್ಲಿ ಕುಡಿತ ಪೂರ್ತಿ ನಿಂತರೆ ಕೆಲವೇ ವಾರಗಳಲ್ಲಿ ಕೊಬ್ಬು ಇಳಿಯುತ್ತದೆ. ನಿಲ್ಲದಿದ್ದರೆ ಕೆಲವರಲ್ಲಿ ಉರಿಯೂತ, ಆಮೇಲೆ ಗಾಯ ಮಾಗಿದ ಕಲೆಯಂಥ ನಾರು ಬೆಳೆದು ಲಿವರ್ ಗಟ್ಟಿಯಾಗುತ್ತದೆ. ಅದೇ ಸಿರೋಸಿಸ್. ಬಹಳ ಕುಡಿಯುವವರಲ್ಲಿ ನೂರಕ್ಕೆ ಹತ್ತಿಪ್ಪತ್ತು ಮಂದಿ ಅಲ್ಲಿಗೆ ತಲುಪುತ್ತಾರೆ. ಯಾರು ಆ ಹತ್ತಿಪ್ಪತ್ತರಲ್ಲಿ ಸೇರುತ್ತಾರೆಂದು ಮೊದಲೇ ಹೇಳಲು ಬರುವುದಿಲ್ಲ. ನಮ್ಮೂರಿನ ಇಂಥವರು ಎಂಬತ್ತು ವರ್ಷ ಕುಡಿದೇ ಬದುಕಿದರು ಎಂಬ ಮಾತಿಗೆ ಆದ್ದರಿಂದಲೇ ಬೆಲೆಯಿಲ್ಲ.

ಕಣ್ಣು ಹಳದಿಯಾದಾಗ ನಮ್ಮ ಜನ ಮೊದಲು ಓಡುವುದು ಕಾಮಾಲೆಗೆ ಬೇರು ಅರೆದು ಕೊಡುವವರ ಮನೆಗೆ. ವೈರಸ್ಸಿನಿಂದ ಬರುವ ಕೆಲವು ಕಾಮಾಲೆ ತಾನಾಗಿಯೇ ವಾಸಿಯಾಗುವುದರಿಂದ ಆ ಔಷಧಿಗೆ ಹೆಸರು ಬಂದಿದೆ. ಕುಡಿತದಿಂದ ಬಂದ ಕಾಮಾಲೆಯಲ್ಲಿ ಹೀಗೆ ಕಳೆಯುವ ಒಂದೊಂದು ವಾರವೂ ಜೀವಕ್ಕೆ ಎರವು. ಹೊಟ್ಟೆ ಉಬ್ಬಿ ಕಾಲು ಬಾತುಕೊಳ್ಳುವುದು, ರಕ್ತ ವಾಂತಿಯಾಗುವುದು, ಮಲ ಡಾಂಬರಿನಂತೆ ಕಪ್ಪಾಗಿ ಹೋಗುವುದು, ಹಗಲೆಲ್ಲ ತೂಕಡಿಸಿ ಮಾತು ಗಲಿಬಿಲಿಯಾಗುವುದು ಕಂಡರೆ 108ಕ್ಕೆ ಫೋನ್ ಮಾಡಿ ದೊಡ್ಡಾಸ್ಪತ್ರೆಗೇ ಕರೆದೊಯ್ಯಬೇಕು. ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಚುಚ್ಚುವ, ಬಗ್ಗಿ ಕೂರಿಸುವಂಥ ನೋವನ್ನು ‘ಗ್ಯಾಸ್ಟ್ರಿಕ್’ ಎಂದು ತಳ್ಳಿಹಾಕಬಾರದು, ಅದು ಮೇದೋಜೀರಕ ಗ್ರಂಥಿಯ ಊತ ಇರಬಹುದು.

ಇನ್ನುಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ರಕ್ತದೊತ್ತಡ ಏರುತ್ತದೆ, ಹೃದಯದ ಸ್ನಾಯು ಸಡಿಲಾಗುತ್ತದೆ, ಬಡಿತ ಲಯ ತಪ್ಪುತ್ತದೆ. ಬಿ-1 ಜೀವಸತ್ವ ಸೊರಗಿ ನರಗಳು ಕೆಟ್ಟು ಅಂಗಾಲು ಉರಿ, ಜೋಮು ಶುರುವಾಗುತ್ತದೆ. ಲೈಂಗಿಕ ಶಕ್ತಿ ಕುಂದುತ್ತದೆ. ಅದರ ಬೆನ್ನಿಗೇ ಹೆಂಡತಿಯ ಮೇಲೆ ಅನುಮಾನದ ಭೂತ ಮೆಟ್ಟಿಕೊಳ್ಳುವುದೂ ಉಂಟು. ಯಾರ ಜೊತೆ ಮಾತಾಡಿದೆ, ಫೋನ್ ಯಾಕೆ ಬಿಜಿ ಇತ್ತು ಎಂಬ ಆ ವಿಚಾರಣೆಯನ್ನು ಮನೋವೈದ್ಯರು ರೋಗದ ಲಕ್ಷಣವಾಗಿ ಗುರುತಿಸುತ್ತಾರೆ. ಅದು ವಿಪರೀತಕ್ಕೆ ಹೋದಾಗ ಜೀವಕ್ಕೇ ಅಪಾಯವಿರುವುದರಿಂದ ನಾಚಿಕೆ ಬಿಟ್ಟು ಹೇಳಲೇಬೇಕು. ಮದ್ಯ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದ್ದು 1988ರಲ್ಲಿ. ಬಾಯಿ, ಗಂಟಲು, ಅನ್ನನಾಳ, ಲಿವರ್, ದೊಡ್ಡ ಕರುಳು, ಸ್ತನ ಇವೆಲ್ಲ ಈಗ ಅದರ ಪಟ್ಟಿಯಲ್ಲಿವೆ. ಜೊತೆಗೆ ಬೀಡಿ, ಗುಟ್ಕಾ ಇದ್ದರೆ ಬಾಯಿ ಮತ್ತು ಗಂಟಲಿನ ಅಪಾಯ ಒಂದಕ್ಕೊಂದು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತದೆ. ಒಳ್ಳೇ ಬ್ರಾಂಡ್ ಕುಡಿದರೆ, ಮೇಲೆ ಮಾಂಸದೂಟ ಮಾಡಿದರೆ ಏನೂ ಆಗುವುದಿಲ್ಲ ಎಂಬುದು ಸುಳ್ಳು. ಸಾವಿರ ರೂಪಾಯಿಯ ಬಾಟಲಿಯಲ್ಲೂ ಅಗ್ಗದ ಪೊಟ್ಟಣದಲ್ಲೂ ಇರುವುದು ಒಂದೇ ಈಥೈಲ್ ಆಲ್ಕೋಹಾಲ್.

ಹೆಂಡತಿ ಕಣ್ಣಾರೆ ಕಾಣುವ ಮೂರು ಸಂಗತಿಗಳನ್ನು ಮಾತ್ರ ನಿಧಾನವಾಗಿ ಹೇಳಬೇಕು, ಯಾಕೆಂದರೆ ರಕ್ತಪರೀಕ್ಷೆಗಿಂತ ಮೊದಲು ರೋಗ ಹಿಡಿಯುವುದು ಅವಳ ಕಣ್ಣೇ.

ಮೊದಲನೆಯದು, ‘ಎಷ್ಟು ಕುಡಿದರೂ ಸ್ಟಡಿ ಇರ್ತಾರೆ’ ಎಂಬ ಹೊಗಳಿಕೆ. ಮೊದಲು ಎರಡು ಪೆಗ್ಗಿಗೆ ಏರುತ್ತಿದ್ದ ಅಮಲು ಈಗ ಐದಕ್ಕೂ ಏರುತ್ತಿಲ್ಲವೆಂದರೆ ಮಿದುಳು ಮದ್ಯಕ್ಕೆ ಒಗ್ಗಿಹೋಗಿದೆ ಎಂದರ್ಥ, ಅದು ಅವಲಂಬನೆಯ ಗುರುತು. ಹಾಗಿದ್ದವರು ವರ್ಷಗಳ ನಂತರ ಒಂದೇ ಪೆಗ್ಗಿಗೆ ತೂರಾಡತೊಡಗಿದರೆ ‘ಕುಡಿತ ಕಡಿಮೆಯಾಯ್ತು’ ಎಂದು ಖುಷಿಪಡುವಂತಿಲ್ಲ. ಕರಗಿಸುವ ಶಕ್ತಿಯನ್ನು ಲಿವರ್ ಕಳೆದುಕೊಂಡಿರಬಹುದು.

ಎರಡನೆಯದು, ‘ನಾನು ಹಾಗಂದೇ ಇಲ್ಲ’ ಎಂಬ ಬೆಳಗಿನ ಜಗಳ. ರಾತ್ರಿ ಅಷ್ಟೆಲ್ಲ ಬೈದು, ತಟ್ಟೆ ಎಸೆದು, ಬೆಳಿಗ್ಗೆ ಏನೂ ನಡೆದೇ ಇಲ್ಲವೆಂಬಂತೆ ತಿಂಡಿಗೆ ಕೂರುವ ಗಂಡ ನಾಟಕವಾಡುತ್ತಿದ್ದಾನೆ ಎಂದೇ ಅವಳಿಗೆ ಅನಿಸುತ್ತದೆ. ರಕ್ತದಲ್ಲಿ ಮದ್ಯ ಬೇಗ ಬೇಗ ಏರಿದಾಗ, ಹೊಸ ನೆನಪುಗಳನ್ನು ಬರೆದಿಡುವ ಮಿದುಳಿನ ಭಾಗ ಆ ಕೆಲಸ ನಿಲ್ಲಿಸಿಬಿಡುತ್ತದೆ. ಆ ಹೊತ್ತಿನಲ್ಲಿ ಅವರು ನಡೆಯುತ್ತಾರೆ, ಮಾತಾಡುತ್ತಾರೆ, ಗಾಡಿಯನ್ನೂ ಓಡಿಸುತ್ತಾರೆ. ಆದರೆ ಯಾವುದೂ ದಾಖಲಾಗಿರುವುದಿಲ್ಲ. ಆದ್ದರಿಂದ ಅದು ಸುಳ್ಳಾಗಿರಬೇಕಿಲ್ಲ. ನೆನಪಿಲ್ಲ ಎಂದ ಮಾತ್ರಕ್ಕೆ ಹೊಡೆದದ್ದಕ್ಕೆ ಕ್ಷಮೆಯೂ ಇಲ್ಲ. ಇದು ತಿಂಗಳಿಗೆ ಎಷ್ಟು ಸಲ ಆಗುತ್ತಿದೆ ಎಂದು ಗುರುತು ಹಾಕಿಟ್ಟುಕೊಂಡರೆ ವೈದ್ಯರಿಗೆ ತುಂಬಾ ಉಪಯೋಗ.

ಮೂರನೆಯದು ಬೆಳಗಿನ ಕೈ ನಡುಕ. ಕಾಫಿ ಲೋಟ ಹಿಡಿದರೆ ಚೆಲ್ಲುತ್ತದೆ, ಶೇವ್ ಮಾಡಿಕೊಳ್ಳಲು ಆಗುವುದಿಲ್ಲ, ಮೈ ಬೆವರುತ್ತದೆ, ವಾಕರಿಕೆ, ಸಿಡುಕು. ಒಂದು ನೈಂಟಿ ಬಿದ್ದ ಕೂಡಲೇ ಎಲ್ಲ ಸರಿ. ಇದನ್ನು ಕಂಡ ಹೆಂಡತಿ ನೀವಾಗಿದ್ದರೆ, ಈ ಸಾಲಿನ ಹತ್ತಿರ ದಯವಿಟ್ಟು ನಿಲ್ಲಿ. ಇಂಥವರಿಗೆ ಮದ್ಯವನ್ನು ಒಮ್ಮೆಗೇ, ವೈದ್ಯರಿಲ್ಲದೆ ನಿಲ್ಲಿಸಬಾರದು.

ವರ್ಷಗಟ್ಟಲೆ ಮದ್ಯ ಮಿದುಳನ್ನು ಅದುಮಿ ಹಿಡಿದಿರುತ್ತದೆ. ಅದಕ್ಕೆ ಎದುರಾಗಿ ಮಿದುಳು ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಒಮ್ಮೆಗೇ ಮದ್ಯ ತೆಗೆದರೆ ಉಳಿಯುವುದು ಬರೀ ಉದ್ರೇಕ. ಕೊನೆಯ ಗುಟುಕಿನ ಆರರಿಂದ ಹನ್ನೆರಡು ಗಂಟೆಯೊಳಗೆ ನಡುಕ ಬರುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿದಂತಾಗುತ್ತದೆ. ಇಲ್ಲದ ಹುಳುಗಳನ್ನು ಮೈಮೇಲಿಂದ ಕೊಡವುತ್ತಾರೆ, ಗೋಡೆಯ ಮೇಲೆ ಯಾರನ್ನೋ ಕಾಣುತ್ತಾರೆ, ಹೆಂಡತಿ ಮಕ್ಕಳ ಗುರುತೂ ಹತ್ತುವುದಿಲ್ಲ. ಮಾಟ ಮಾಡಿಸಿದ್ದಾರೆ, ಗಾಳಿ ಸೋಕಿದೆ ಎಂದು ಎಷ್ಟೋ ಮನೆಗಳಲ್ಲಿ ನಿಂಬೆಹಣ್ಣು ಮಂತ್ರಿಸಲು ಹೋಗುವುದು ಈ ಹೊತ್ತಿನಲ್ಲೇ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಪ್ರಾಣವೇ ಹೋಗಬಹುದು. ಸಿಕ್ಕರೆ, ಬಹುತೇಕರು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ.

ಅಯ್ಯಪ್ಪನ ಮಾಲೆ ಹಾಕಿದಾಗ, ಶ್ರಾವಣ ಬಂದಾಗ, ದೇವರ ಮುಂದೆ ಆಣೆ ಮಾಡಿದಾಗ ನಮ್ಮಲ್ಲಿ ಸಾವಿರಾರು ಗಂಡಸರು ಕುಡಿತ ಬಿಡುತ್ತಾರೆ. ಆ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆಣೆ ಹಿಡಿದು ಮತ್ತೆಂದೂ ಮುಟ್ಟದೇ ಉಳಿದವರೂ ಇದ್ದಾರೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಿಂದ ಮನೆಗೆ ಹೊಸಬರಾಗಿ ಮರಳಿದವರನ್ನು ಕರಾವಳಿ, ಮಲೆನಾಡಿನವರು ಕಂಡಿರುತ್ತಾರೆ. ಬೆಳಿಗ್ಗೆ ಕೈ ನಡುಗುವವರನ್ನು ಮಾತ್ರ ಮಾಲೆ ಹಾಕಿಸುವ ಮೊದಲು, ಶಿಬಿರಕ್ಕೆ ಸೇರಿಸುವ ಮೊದಲು ವೈದ್ಯರಿಗೆ ತೋರಿಸಲೇಬೇಕು. ಹಿಂದೊಮ್ಮೆ ಬಿಟ್ಟಾಗ ಫಿಟ್ಸ್ ಬಂದಿತ್ತೆಂದರೆ ಆಸ್ಪತ್ರೆಯಲ್ಲೇ ಬಿಡಿಸಬೇಕು.

ಇನ್ನೊಂದು ಎಚ್ಚರಿಕೆ. ಎರಡು ದಿನ ಊಟವಿಲ್ಲದೆ ಬರೀ ಕುಡಿದು ಸುಸ್ತಾದವರನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು ‘ಒಂದು ಗ್ಲೂಕೋಸ್ ಹಾಕಿ ಡಾಕ್ಟ್ರೇ’ ಎನ್ನುವುದು ರೂಢಿ. ಅವರ ಮೈಯಲ್ಲಿ ಥಯಮಿನ್, ಅಂದರೆ ಬಿ-1, ಬತ್ತಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಹರಿಸಿದರೆ ಉಳಿದಷ್ಟೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು: ಕಣ್ಣುಗುಡ್ಡೆ ಸರಿಯಾಗಿ ತಿರುಗದು, ನಡಿಗೆ ತಪ್ಪುತ್ತದೆ, ಗೊಂದಲ ಹತ್ತುತ್ತದೆ. ಸಕಾಲಕ್ಕೆ ಥಯಮಿನ್ ಸಿಗದಿದ್ದರೆ ಹೊಸದೇನನ್ನೂ ನೆನಪಿಟ್ಟುಕೊಳ್ಳಲಾಗದ ಸ್ಥಿತಿ ಶಾಶ್ವತವಾಗಿ ಉಳಿದುಬಿಡಬಹುದು. “ಇವರು ದಿನಾ ಕುಡೀತಾರೆ, ಊಟ ಮಾಡಿಲ್ಲ, ಮೊದಲು ಥಯಮಿನ್ ಕೊಡ್ತೀರಾ?” ಎಂದು ಕೇಳುವುದಕ್ಕೆ ಹಿಂಜರಿಯಬೇಡಿ.

ಇನ್ನು ಆ ಪುಡಿ. ‘ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ’ ಎಂಬ ಚೀಟಿಯನ್ನು ಬಸ್ ನಿಲ್ದಾಣದ ಗೋಡೆಯ ಮೇಲೆ ನೋಡದವರು ಯಾರು? ಇಂಥ ಪೊಟ್ಟಣಗಳಲ್ಲಿ ಏನಿದೆಯೆಂದು ಮಾರುವವರು ಹೇಳುವುದಿಲ್ಲ. ಮೆಡಿಕಲ್ ಶಾಪಿನಿಂದ ಡೈಸಲ್ಫಿರಾಂ ಮಾತ್ರೆ ತಂದು ಪುಡಿ ಮಾಡಿ ಸಾರಿಗೆ ಹಾಕುವ ಮನೆಗಳೂ ಇವೆ. ಡೆನ್ಮಾರ್ಕಿನಲ್ಲಿ 1940ರ ದಶಕದ ಕೊನೆಯಲ್ಲಿ ಚಿಕಿತ್ಸೆಗೆ ಬಂದ ಈ ಔಷಧಿ ಮದ್ಯ ಕರಗುವ ದಾರಿಯನ್ನು ನಡುವೆ ತಡೆಯುತ್ತದೆ. ಆಗ ಅಸಿಟಾಲ್ಡಿಹೈಡ್ ಎಂಬ ವಿಷ ರಕ್ತದಲ್ಲಿ ಶೇಖರವಾಗಿ ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಬಿ.ಪಿ. ಕುಸಿಯುತ್ತದೆ. ಕುಡಿದರೆ ಹೀಗಾಗುತ್ತದೆಂದು ಗೊತ್ತಿದ್ದು, ಒಪ್ಪಿ, ವೈದ್ಯರ ನಿಗಾದಲ್ಲಿ ನುಂಗುವವರಿಗೆ ಆ ಭಯವೇ ಔಷಧಿ. ಗೊತ್ತಿಲ್ಲದವರು ಎಂದಿನಂತೆ ಕ್ವಾರ್ಟರ್ ಏರಿಸುತ್ತಾರೆ. ಹೃದಯ, ಲಿವರ್ ದುರ್ಬಲವಾಗಿದ್ದರೆ ಅಲ್ಲೇ ಸಾಯಬಹುದು. ಎಲ್ಲ ದಾರಿಯೂ ಮುಚ್ಚಿದೆ ಅನಿಸಿದಾಗ ಹೆಣ್ಣುಮಗಳೊಬ್ಬಳು ಆ ಪುಡಿಗೆ ಕೈ ಹಾಕುವುದು ನನಗೆ ಅರ್ಥವಾಗುತ್ತದೆ. ಆ ಹತಾಶೆಯನ್ನು ಮಾರಾಟ ಮಾಡುವವರನ್ನು ಕ್ಷಮಿಸಲು ಮಾತ್ರ ಆಗುವುದಿಲ್ಲ.

ಇಷ್ಟು ಹೊತ್ತೂ ಅವರ ಮೈಯ ವಿಚಾರವಾಯಿತು. ಅವಳದು? ಗೇಟಿನ ಸದ್ದಿಗೆ ಕಿವಿ ಕೊಟ್ಟು ಕೂರುವುದು, ಬೈಕ್ ನಿಲ್ಲಿಸಿದ ರೀತಿಯಿಂದಲೇ ಇವತ್ತು ಎಷ್ಟಾಗಿದೆ ಎಂದು ಅಳೆಯುವುದು, ಮಕ್ಕಳನ್ನು ಬೇಗ ಮಲಗಿಸುವುದು, ಆಫೀಸಿಗೆ ಫೋನ್ ಮಾಡಿ ‘ಜ್ವರ ಸರ್’ ಎನ್ನುವುದು. ವರ್ಷಗಟ್ಟಲೆ ಹೀಗೆ ಬದುಕಿದ ಮೈ ಸುಮ್ಮನಿರುವುದಿಲ್ಲ. ನಿದ್ದೆ ಇಲ್ಲ, ಎದೆ ಹಿಡಿದಂತಾಗುತ್ತದೆ, ತಲೆಸುತ್ತು, ಹೊಟ್ಟೆಯುರಿ, ಏರಿದ ಬಿ.ಪಿ. ಆಸ್ಪತ್ರೆಯಲ್ಲಿ ಬಿ ಕಾಂಪ್ಲೆಕ್ಸ್ ಮಾತ್ರೆ ಬರೆಸಿಕೊಂಡು ವಾಪಸಾಗುತ್ತಾಳೆ. ಖಿನ್ನತೆ ಎಂದು ಯಾರೂ ಹೆಸರಿಡುವುದಿಲ್ಲ. ಗಂಡ ಆಗಾಗ ಅಮಲೇರುವಷ್ಟು ಕುಡಿಯುವ ಮನೆಗಳಲ್ಲಿ ಹೆಂಡತಿ ಮೇಲಿನ ಹಿಂಸೆ, ಕುಡಿಯದವರ ಮನೆಗಳಿಗಿಂತ ಬಹಳ ಹೆಚ್ಚೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ.

ರಾಯಚೂರು ಕಡೆಯ ಹಳ್ಳಿಗಳಿಂದಲೂ ಬಂದ ಹೆಣ್ಣುಮಕ್ಕಳು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಕೇಳಿ ನಡೆದು ಬಂದದ್ದು ಈ ಮೈಗಳನ್ನೇ ಹೊತ್ತುಕೊಂಡು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ಬ್ರಾಂದಿ, ವಿಸ್ಕಿ ಬಂತು. 2025–26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ನಿಷೇಧದಿಂದ ಕಳ್ಳಭಟ್ಟಿ ಹೆಚ್ಚೀತು ಎಂಬ ವಾದದಲ್ಲಿ ಹುರುಳಿದೆ. ಆ ಹಣದಲ್ಲಿ ಒಂದು ಸಣ್ಣ ಪಾಲಾದರೂ ಪ್ರತಿ ತಾಲ್ಲೂಕಿನಲ್ಲಿ ವ್ಯಸನ ಚಿಕಿತ್ಸೆಯ ಹಾಸಿಗೆಗಳಾಗಿ ಮರಳಬೇಕೆಂಬ ಬೇಡಿಕೆಗೆ ಮಾತ್ರ ಸರ್ಕಾರದ ಬಳಿ ಯಾವ ನೆಪವೂ ಇರಬಾರದು.

‘ಅವರೇ ಬರಲ್ಲ ಅಂತಾರೆ, ನಾನೇನು ಮಾಡ್ಲಿ?’ ಎಲ್ಲ ಹೆಂಡತಿಯರೂ ಬಂದು ನಿಲ್ಲುವ ಜಾಗ ಇದು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ರಾಬರ್ಟ್ ಮೈಯರ್ಸ್ ಎಂಬ ಮನಶ್ಶಾಸ್ತ್ರಜ್ಞರು ಮನೆಯವರಿಗೇ ತರಬೇತಿ ಕೊಡುವ ‘ಕ್ರಾಫ್ಟ್’ ಎಂಬ ಪದ್ಧತಿಯನ್ನು ಬೆಳೆಸಿದರು. ಚಿಕಿತ್ಸೆ ಒಲ್ಲೆನೆನ್ನುವ ಕುಡುಕರ 130 ಮನೆಮಂದಿಯನ್ನು ಸೇರಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ತರಬೇತಿ ಪಡೆದವರ ಪೈಕಿ ಶೇ 64 ಮಂದಿ ತಮ್ಮವರನ್ನು ಚಿಕಿತ್ಸೆಗೆ ಕರೆತಂದರು. ಎಲ್ಲರೂ ಸುತ್ತ ಕೂತು ಮುಖಕ್ಕೆ ಹೇಳಿ ಒತ್ತಾಯಿಸುವ ವಿಧಾನದಲ್ಲಿ ಅದು ಶೇ 30 ಮಾತ್ರ. ನಮ್ಮಲ್ಲಿ ಅತ್ತೆ ಮಾವ, ಊರ ಹಿರಿಯರನ್ನು ಕೂರಿಸಿ ಪಂಚಾಯ್ತಿ ಮಾಡಿದಾಗ ಗಂಡ ತಲೆತಗ್ಗಿಸಿ ‘ಆಯ್ತು’ ಎಂದು, ಆ ರಾತ್ರಿಯೇ ಇಮ್ಮಡಿ ಕುಡಿದು ಬರುವುದನ್ನು ಕಂಡವರಿಗೆ ಈ ಅಂಕಿ ಅಚ್ಚರಿ ತರಲಾರದು.

ಆ ತರಬೇತಿಯ ತಿರುಳು ಕೇಳಲು ಸರಳ, ಮಾಡಲು ಕಷ್ಟ. ಅಮಲಿನಲ್ಲಿದ್ದಾಗ ವಾದಿಸಬಾರದು, ಬುದ್ಧಿ ಹೇಳಬಾರದು, ಅಲ್ಲಿಂದ ಸರಿಯಬೇಕು. ಕುಡಿಯದೆ ಬಂದ ಸಂಜೆ ಜೊತೆಗೆ ಕೂತು ಉಣ್ಣಬೇಕು, ಅದನ್ನು ಬಾಯಿಬಿಟ್ಟು ಹೇಳಬೇಕು: “ರೀ, ನಿನ್ನೆ ಹಾಗೇ ಬಂದ್ರಲ್ಲ, ಮಗಳು ಎಷ್ಟು ಹೊತ್ತು ನಿಮ್ಮ ಜೊತೆ ಆಡಿದ್ಳು, ನಂಗೂ ತುಂಬಾ ಖುಷಿಯಾಯ್ತು.” ವಾಂತಿ ಒರೆಸುವುದು, ಸಾಲ ತೀರಿಸುವುದು, ಆಫೀಸಿಗೆ ಸುಳ್ಳು ಹೇಳುವುದನ್ನು ಒಂದೊಂದಾಗಿ ಕೈಬಿಡಬೇಕು, ಕುಡಿತದ ಫಲ ಕುಡಿದವರಿಗೇ ಮುಟ್ಟಲಿ. ‘ಇದು ಅತಿಯಾಯ್ತು ಕಣೇ’ ಎಂದು ಅವರೇ ಹೇಳುವ ಗಳಿಗೆ ಬಂದೇ ಬರುತ್ತದೆ. ಪೆಟ್ಟಾದ ಮಾರನೇ ದಿನ, ಮಗು ಹೆದರಿ ಅತ್ತ ದಿನ, ಲಿವರ್ ರಿಪೋರ್ಟ್ ಬಂದ ದಿನ. ಅಷ್ಟರಲ್ಲಿ ವೈದ್ಯರು ಯಾರು, ಯಾವ ದಿನ ಸಿಗುತ್ತಾರೆ ಎಂದು ಅವಳು ಮೊದಲೇ ವಿಚಾರಿಸಿ ಇಟ್ಟಿರಬೇಕು, ಯಾಕೆಂದರೆ ಆ ಮನಸ್ಸು ಸಂಜೆಯವರೆಗೂ ಉಳಿಯುವುದಿಲ್ಲ. ಹೊಡೆತ ಇರುವ ಮನೆಗೆ ಈ ಸಲಹೆಗಳು ಹಾಗೇ ಅನ್ವಯಿಸುವುದಿಲ್ಲ. ಅಲ್ಲಿ ಮೊದಲು ಸುರಕ್ಷತೆ: 112, ಮಹಿಳಾ ಸಹಾಯವಾಣಿ 181, ಮತ್ತು ಅದೇ ಮನೆಯಲ್ಲಿ ಉಳಿಯುವ ಹಕ್ಕನ್ನು ಕಾಯುವ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ.

ಹೋಗುವುದೆಲ್ಲಿಗೆ? 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಹೆಸರು ಹೇಳಬೇಕಿಲ್ಲ. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಇನ್ನೂ ಅವಲಂಬನೆಗೆ ಪೂರ್ತಿ ಸಿಲುಕದವರಿಗೆ ತಜ್ಞರೇ ಬೇಕೆಂದೂ ಇಲ್ಲ. ಪಕ್ಕದ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ‘ಸಂಗಾತ್’ ಸಂಸ್ಥೆ, ವೈದ್ಯರಲ್ಲದ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ಹೆಚ್ಚೆಂದರೆ ನಾಲ್ಕು ಬಾರಿಯ ಆಪ್ತಸಮಾಲೋಚನೆ ನಡೆಸಿತು. ಅಷ್ಟರಿಂದಲೇ ಅಪಾಯಕಾರಿ ಕುಡಿತ ಬಿಟ್ಟು ಹೊರಬಂದವರ ಸಂಖ್ಯೆ ಹೆಚ್ಚಿತೆಂದು ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಖಾಸಗಿ ಕೇಂದ್ರಕ್ಕೆ ಸೇರಿಸುವುದಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ, ವೈದ್ಯರು ದಿನವೂ ಬರುತ್ತಾರೆಯೇ ಕೇಳಿ. ಕಟ್ಟಿಹಾಕುವ, ಹೊಡೆಯುವ, ಮನೆಯವರಿಗೆ ನೋಡಲು ಬಿಡದ ಕಡೆ ಸೇರಿಸಬೇಡಿ.

ಚಿಕಿತ್ಸೆ ಒಂದು ವಾರದ್ದಲ್ಲ. ನಡುಕ ನಿಲ್ಲಿಸಲು ಮೊದಲ ವಾರ ಸಾಕು. ತಲಬು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಬೇಕು. ಬಿ.ಪಿ. ಕೆಲವು ವಾರಗಳಲ್ಲಿ ಇಳಿಯುತ್ತದೆ, ನಿದ್ದೆ ಹದಕ್ಕೆ ಬರಲು ಇನ್ನೂ ಎಷ್ಟೋ ತಿಂಗಳು ಬೇಕು. ಆ ನಿದ್ದೆಗೆಟ್ಟ ದಿನಗಳಲ್ಲೇ, ಮದುವೆಯೋ ಹಬ್ಬವೋ ಸಾವೋ ಬಂದು, ಮತ್ತೆ ಕುಡಿಯುವವರು ಬಹಳ. ಆಗ ಫೈಲು ಮೂಲೆಗೆಸೆದು ‘ಇವರ ಹಣೆಬರಹ ಇಷ್ಟೇ’ ಎನ್ನುವ ಬದಲು ಅದೇ ವಾರ ಅದೇ ವೈದ್ಯರ ಬಳಿ ಹೋಗಬೇಕು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದಾಗ ಮಾತ್ರೆಯ ಪ್ರಮಾಣ ಬದಲಿಸುವಂತೆ ಇಲ್ಲೂ ಬದಲಿಸುತ್ತಾರೆ. ಅವರು ಬರಲ್ಲ ಅಂದರೆ ನೀವೊಬ್ಬರೇ ಹೋಗಿ. ಎಷ್ಟು ಕುಡಿಯುತ್ತಾರೆ, ಬೆಳಿಗ್ಗೆ ಕೈ ನಡುಗುತ್ತದೆಯೇ, ಫಿಟ್ಸ್ ಬಂದಿತ್ತೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹೊರರೋಗಿ ಚೀಟಿ ಮಾಡಿಸುವಾಗ ಒಂದನ್ನು ನಿಮ್ಮ ಹೆಸರಿಗೂ ಮಾಡಿಸಿ, ನಿಮ್ಮ ಬಿ.ಪಿ.ಯನ್ನೂ ನೋಡಿಸಿಕೊಂಡು, ನಿದ್ದೆಯಿಲ್ಲದ ರಾತ್ರಿಗಳ ವಿಷಯ ಹೇಳಿಕೊಂಡು ಬನ್ನಿ.